ಕಾಕಾ ಮಾರಿದ ಕಂಬಳಿ

ಸಮುದ್ರದ ದಂಡೆಯ ಆ ಊರಿಗೆ ತಿರುಗುವ ಮೂಲೆಯಲ್ಲಿ ಈಗ ಒಂದು ಫಲಕ ನಿಲ್ಲಿಸಿದ್ದಾರೆ. ‘ಶಾಂತ ಸಮುದ್ರ, ಸ್ವಚ್ಛ ಮರಳು, ಮನೆ ಊಟ’ ಎಂದು ಮರಾಠಿಯಲ್ಲಿ ದಪ್ಪ ಅಕ್ಷರ, ಪಕ್ಕದಲ್ಲಿ ತೆಂಗಿನ ಮರದ ಚಿತ್ರ. ಬಸ್ಸಿನಿಂದ ಇಳಿದು ಅದನ್ನು ಎರಡು ಸಲ ಓದಿದೆ. ಆಮೇಲೆ ಅದರ ಕಂಬದ ಬುಡಕ್ಕೆ ಉಗುಳಿದೆ. ಏಳು ವರ್ಷದ ಹಿಂದೆ ಇದೇ ಊರಿನವರು ನನ್ನ ಕಾಕಾನನ್ನು, ಅಂದರೆ ನನ್ನ ಅಪ್ಪನ ತಮ್ಮನನ್ನು, ಮಕ್ಕಳ ಕಳ್ಳ ಎಂದು ದೋಣಿಯ ಹಗ್ಗದಿಂದ ಕಟ್ಟಿ ಹೊಡೆದಿದ್ದರು. ಶಾಂತವಂತೆ.

ನಾವು ನಿಲಂಗಾದವರು. ಅಜ್ಜ ಬೀದರ ಕಡೆಯಿಂದ ಕುರಿ ಹೊಡೆದುಕೊಂಡು ಬಂದು ಇಲ್ಲಿಯೇ ನಿಂತುಬಿಟ್ಟ. ಹೊಸ್ತಿಲ ಹೊರಗೆ ಮರಾಠಿ, ಒಳಗೆ ಕನ್ನಡ. ನಾನು ಮೂರನೆಯ ತರಗತಿಗೇ ಶಾಲೆ ಬಿಟ್ಟು ಕುರಿಯ ಹಿಂದೆ ಹೋದವನು. ಮೂವತ್ತು ದಾಟಿದ ಮೇಲೆ ಮತ್ತೆ ಪುಸ್ತಕ ಹಿಡಿದು ಹತ್ತನೆಯದು ಪಾಸು ಮಾಡಿದೆ, ಒಂದು ಶಾಲೆಯಲ್ಲಿ ಜವಾನನಾದೆ. ಇದನ್ನು ಬರೆಯುತ್ತಿರುವುದೂ ಒಂದೊಂದೇ ಅಕ್ಷರ ಹುಡುಕಿ ಒತ್ತಿ. ಮರಾಠಿಯಲ್ಲಿ ಬರೆದಿದ್ದರೆ ಬೇಗ ಮುಗಿಯುತ್ತಿತ್ತು. ಆದರೆ ಆ ಊರಿನವರು ಓದಿಯಾರು. ಅವರಿಗಾಗಿ ನಾನು ಬರೆಯುತ್ತಿಲ್ಲ.

ಕಾಕಾ ನಮ್ಮ ಓಣಿಯ ಬೀರಪ್ಪನ ಗುಡಿಯ ಪೂಜಾರಿ. ಅದರ ಜೊತೆಗೆ ಕಂಬಳಿ ಮಾರುತ್ತಿದ್ದ. ಪ್ರತಿ ವರ್ಷ ಮಳೆಗಾಲಕ್ಕಿಂತ ಮುಂಚೆ ಕಂಬಳಿಯ ಗಂಟು ಹೊತ್ತು ಸೋಲಾಪುರ, ಕೊಲ್ಹಾಪುರ ದಾಟಿ, ಘಾಟು ಇಳಿದು ಕೊಂಕಣಕ್ಕೆ ಹೋಗುತ್ತಿದ್ದ. ಅಲ್ಲಿಯ ಮಳೆಗೆ ನಮ್ಮ ಕರಿ ಕಂಬಳಿ ಒಂದು ಮನೆಯಲ್ಲಿ ಇಪ್ಪತ್ತು ವರ್ಷ ಬಾಳುತ್ತದೆ. ಮಾರುವಾಗ ಅವನದೊಂದು ಪದ್ಧತಿ. ಕಂಬಳಿ ಕೊಳ್ಳುವವರ ಕೈಗೆ ದಾಟುವ ಮುಂಚೆ ಅದರ ಮಡಿಕೆಯಲ್ಲಿ ಒಂದು ಚಿಟಿಕೆ ಭಂಡಾರ ಇಡುತ್ತಿದ್ದ. ಭಂಡಾರ ಎಂದರೆ ಬೀರಪ್ಪನ ಮುಂದೆ ಇಟ್ಟ ಅರಿಶಿನದ ಪುಡಿ. ಹಾಗೆ ಇಟ್ಟು ಕೊಟ್ಟ ಕಂಬಳಿಯನ್ನು ಯಾವ ಕಾರಣಕ್ಕೂ ತಿರುಗಿ ತೆಗೆದುಕೊಳ್ಳುತ್ತಿರಲಿಲ್ಲ, ದೇವರ ಸಾಕ್ಷಿಯಾಗಿ ಕೊಟ್ಟದ್ದು ಎಂದು. ಕೊಳ್ಳುವ ಮನೆಯಲ್ಲಿ ಸಣ್ಣ ಮಗು ಇದ್ದರೆ ಅದರ ಹಣೆಗೂ ಭಂಡಾರ, ನಾಲಿಗೆಗೂ ಒಂದು ಚಿಟಿಕೆ. ನಮ್ಮಲ್ಲಿ ಎಲ್ಲ ಮಕ್ಕಳ ನಾಲಿಗೆಯೂ ಆ ರುಚಿ ಕಂಡೇ ಬೆಳೆದದ್ದು.

ಆ ವರ್ಷ ಎಲ್ಲರ ಫೋನಿಗೂ ಒಂದು ಸಂದೇಶ ಹರಿದಾಡಿತು. ಸಾಮಾನು ಮಾರುವವರ ವೇಷದಲ್ಲಿ ಕಳ್ಳರು ಬರುತ್ತಾರೆ, ಮಗುವಿನ ಬಾಯಿಗೆ ಪುಡಿ ಹಾಕುತ್ತಾರೆ, ಮಗು ತಾನಾಗಿಯೇ ಅವರ ಹಿಂದೆ ನಡೆದು ಹೋಗುತ್ತದೆ ಎಂದು. ಕಾಕಾನಿಗೆ ಓದಲು ಬಾರದು. ಅವನು ಆ ಊರಿನಲ್ಲಿ ಒಬ್ಬ ಹೆಂಗಸಿಗೆ ಕಂಬಳಿ ಕೊಟ್ಟ, ಪಕ್ಕದಲ್ಲಿ ನಿಂತಿದ್ದ ಆಕೆಯ ಮೂರು ವರ್ಷದ ಮಗಳ ಗದ್ದ ಹಿಡಿದು ನಾಲಿಗೆಗೆ ಭಂಡಾರ ಇಟ್ಟ. ಭಂಡಾರ ಕೊಂಕಣದವರಿಗೆ ಗೊತ್ತಿಲ್ಲದ್ದಲ್ಲ, ಆದರೆ ಅವರು ಕಂಡದ್ದು ಹಣೆಯ ಮೇಲೆ. ಹೆಂಗಸು ಕೂಗಿದಳು. ಆಮೇಲಿನದನ್ನು ಕಾಕಾ ಎಂದೂ ಪೂರ್ತಿ ಹೇಳಿಲ್ಲ. ದವಡೆ ಒಡೆದಿತ್ತು. ಚಿಟಿಕೆ ಹಿಡಿಯುವ ಬಲಗೈಯನ್ನು ಯಾರೋ ಕಲ್ಲಿನ ಮೇಲಿಟ್ಟು ಜಜ್ಜಿದ್ದರು. ಎರಡು ಬೆರಳು ಈಗಲೂ ಮಡಚುವುದಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವನು ಗುಡಿಯಲ್ಲಿ ದೀಪ ಹಚ್ಚುತ್ತಾನೆ, ಗಂಟೆ ಬಾರಿಸುತ್ತಾನೆ, ಭಂಡಾರದ ಚೀಲ ಮಾತ್ರ ಮುಟ್ಟುವುದಿಲ್ಲ. ಕೂಸು ಎತ್ತಿಕೊಂಡು ಬಂದವರಿಗೆ ತಟ್ಟೆ ತೋರಿಸಿ, “ನೀವೇ ಹಚ್ಕೊಂಡು ಹೋಗ್ರಿ” ಅನ್ನುತ್ತಾನೆ.

ಈ ಸಲ ನನ್ನ ಮಗಳ ಮಗಳ ಸರದಿ ಬಂತು. ನಮ್ಮಲ್ಲಿ ಕೂಸಿನ ಜವಳ ತೆಗೆಯುವ ಮುಂಚೆ, ಅಂದರೆ ಹುಟ್ಟುಗೂದಲು ಕತ್ತರಿಸುವ ಮುಂಚೆ, ಮನೆಯ ಪೂಜಾರಿಯ ಕೈಯಿಂದ ನಾಲಿಗೆಗೆ ಭಂಡಾರ ಬೀಳಬೇಕು. ಕೂಸಿಗೆ ಎರಡು ವರ್ಷವಾಗುತ್ತ ಬಂದಿತ್ತು, ಕೂದಲು ಕಣ್ಣಿಗೆ ಇಳಿದಿತ್ತು. ಮುರುಮದಲ್ಲಿರುವ ಬೀಗರು, “ಹುಣ್ಣಿಮಿತನಕ ನೋಡ್ತೇವ, ಆಮ್ಯಾಲ ನಮ್ಮೂರ ಪೂಜಾರಿ ಕೈಲೆ ಮಾಡಿಸ್ತೇವ” ಅಂದರು. ಹಾಗಾದರೆ ಕಾಕಾನ ಪೂಜಾರಿಕೆ ಮುಗಿದಂತೆಯೇ. ತನ್ನ ಮನೆಯ ಕೂಸಿಗೇ ಕೊಡದವನ ಮುಂದೆ ಇನ್ಯಾರು ಬರುತ್ತಾರೆ? ನಾನು ಹೋಗಿ ಅವನ ಕಾಲ ಹತ್ತಿರ ಕುಳಿತೆ.

“ಕಾಕಾ, ಇದೊಂದ ಕೂಸಿಗಿ ಇಡು. ನಿನ್ನ ಮಮ್ಮಗಳ ಮಗಳು.”

“ಇಡ್ತೀನಿ” ಅಂದ ಕಾಕಾ, ಸೊಟ್ಟ ದವಡೆಯಿಂದ. “ಹೊಡದವರಾಗ ಒಬ್ಬರು ಬಂದು ಇಲ್ಲಿ ಕುಂತು ನನ್ನ ಮುಂದ ಬಾಯಿ ತೆರೀಲಿ. ಮೊದಲ ಅವರ ನಾಲಿಗಿಗಿ ಇಡ್ತೀನಿ, ಆಮ್ಯಾಲ ನಿಮ್ಮ ಕೂಸಿಗಿ.”

“ಅವರ್ಯಾಕ ಬರ್ತಾರ ಇಲ್ಲಿತನಾ?”

“ಬರಾಂಗಿಲ್ಲ ಅಂತ ನನಗೂ ಗೊತ್ತದ. ಎದ್ದು ಹೋಗು.”

ನಾನು ಎದ್ದು ಹೋದದ್ದು ಆ ಊರಿಗೇ. ಅವನಿಗೆ ಹೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದೆ. ಆಕೆ, “ಅವರು ಕಾಕಾನ್ನೇ ಬಿಟ್ಟಿಲ್ಲ, ನಿಮ್ಮನ್ನ ಬಿಡ್ತಾರ?” ಅಂದು ರೊಟ್ಟಿ ಕಟ್ಟಿ ಕೊಟ್ಟಳು.

ಹೋಗುವಾಗ ನಾನೊಂದು ಕೆಲಸ ಮಾಡಿದೆ. ಹೆಗಲ ಮೇಲೆ ಒಂದು ಕರಿ ಕಂಬಳಿ ಹಾಕಿಕೊಂಡೆ, ಸೊಂಟಕ್ಕೆ ಭಂಡಾರದ ಚೀಲ ಕಟ್ಟಿದೆ. ನಮ್ಮಲ್ಲಿ ಜಗಳ ಬಗೆಹರಿಯುವುದು ಹಾಗೆ. ಕಂಬಳಿ ಹಾಸಿ, ಮೇಲೆ ಭಂಡಾರ ಇಟ್ಟರೆ ಅದರ ಮುಂದೆ ಯಾರೂ ಸುಳ್ಳು ಆಡುವುದಿಲ್ಲ. ಅಲ್ಲಿಯೂ ಹಾಸುತ್ತೇನೆ, ಕೂರಿಸುತ್ತೇನೆ, ಒಪ್ಪಿಸಿ ಕರೆದುಕೊಂಡು ಬರುತ್ತೇನೆ ಅಂದುಕೊಂಡಿದ್ದೆ. ಹತ್ತನೆಯದು ಪಾಸಾದವನ ಬುದ್ಧಿ ಅಷ್ಟಕ್ಕೇ ನಿಂತಿತ್ತು. ಆ ಊರಿನ ಒಂದೇ ಓಣಿಯಲ್ಲಿ ನಾನು ಇಪ್ಪತ್ತು ಹೆಜ್ಜೆ ನಡೆದಿರಬೇಕು. ಮೀನು ಒಣಗಿಸುತ್ತಿದ್ದ ಇಬ್ಬರು ಹೆಂಗಸರು ಎದ್ದು ಒಳಗೆ ಹೋದರು. ಒಂದು ಬಾಗಿಲಿಗೆ ಒಳಗಿನಿಂದ ಅಗಳಿ ಬಿತ್ತು, ಆಮೇಲೆ ಇನ್ನೊಂದಕ್ಕೆ. ಆಗ ಹೊಳೆಯಿತು, ತಲೆಯಿಂದ ಕಾಲಿನತನಕ ನಾನು ಕಾಕಾನಂತೆಯೇ ಕಾಣುತ್ತಿದ್ದೆ.

ಸಮುದ್ರ ಅಲ್ಲಿಯೇ ಮನೆಗಳ ಹಿಂದೆ ಇತ್ತು. ನಾನು ಅದನ್ನು ಮೊದಲ ಸಲ ನೋಡುತ್ತಿದ್ದೆ. ಬಹಳ ದೊಡ್ಡದು. ಆದರೆ ಅಂಥ ನೀರಿನ ದಂಡೆಯ ಮೇಲಿದ್ದೂ ಆವತ್ತು ಕಾಕಾನ ಬಾಯಿಗೆ ಯಾರೂ ಒಂದು ತಂಬಿಗೆ ನೀರು ಹಾಕಲಿಲ್ಲ ಅನ್ನುವುದಷ್ಟೇ ನನಗೆ ನೆನಪಾಯಿತು.

ಚಹಾದ ಅಂಗಡಿ ಒಂದು ತೆರೆದಿತ್ತು. ಒಲೆಯ ಮುಂದೆ ನಿಂತಿದ್ದವನು ನನ್ನ ಹೆಗಲು ನೋಡಿದ, ಸೊಂಟ ನೋಡಿದ. ಅವರು ಆಡಿದ್ದೆಲ್ಲ ಮರಾಠಿ. ನಮ್ಮ ಮನೆಯ ಮಾತಿಗೆ ತಂದು ಬರೆಯುತ್ತೇನೆ.

“ಎಲ್ಲಿಯಂವಾ?”

“ನಿಲಂಗಾ. ಲಾತೂರ ಜಿಲ್ಲಾ.”

“ಕಂಬಳಿ ಮಾರ್ಲಾಕ ಬಂದಿ?”

“ಇಲ್ರಿ.”

“ಮತ್ತ ಸಮುದ್ರ ನೋಡ್ಲಾಕ? ಅಲ್ಲಿ ಅದ ನೋಡು. ನೋಡಿದ ಮ್ಯಾಲ ಮೂರೂವರಿ ಬಸ್ ಅದ, ಹತ್ತು.”

“ಏಳು ವರ್ಷದ ಹಿಂದ ಇಲ್ಲಿ ಒಬ್ಬ ಕಂಬಳಿ ಮಾರವನ್ನ ಹೊಡದಾರಲ್ಲ...”

“ಇಲ್ಲಿ ಏನೂ ಆಗಿಲ್ಲ.”

“ಅಂವಾ ನನ್ನ ಕಾಕಾ.”

ಅವನು ಒಲೆ ಆರಿಸಿದ. “ಚಹಾ ಇಲ್ಲ” ಅಂದ.

“ಕುದೀಲತಿತ್ತಲ್ಲ?”

“ಅದು ನಮಗ. ಆಧಾರ ಕಾರ್ಡ್ ತೆಗಿ.”

ತೆಗೆದು ಕೊಟ್ಟೆ. ಅದರ ಫೋಟೋ ಹೊಡೆದ. ನನ್ನ ಮುಖದ್ದೂ ಹೊಡೆದ, ಸೊಂಟದ ಚೀಲದ್ದು ಹತ್ತಿರ ಬಂದು ಹೊಡೆದ. ಹೆಬ್ಬೆರಳಿನಿಂದ ಊರಿಗೆಲ್ಲ ಕಳಿಸಿದ. ಅವನು ಕಳಿಸುವ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

“ಸತ್ತಾನ ನಿಮ್ಮ ಕಾಕಾ?” ಎಂದು ಕೇಳಿದ.

“ಬದುಕ್ಯಾನ.”

“ಹಾಂಗಾದ್ರ ಇನ್ನೇನ ಬೇಕು ನಿನಗ? ನಮ್ಮವರು ಏಳು ಮಂದಿ ಜೇಲಿನಾಗ ಕುಂತು ಬಂದಾರ. ಇವತ್ತಿಗೂ ಕೋರ್ಟಿನ ತಾರೀಖಿಗಿ ಹೋಗ್ತಾರ. ನಮ್ಮೂರಿಗಿ ಯಾರೂ ಹೆಣ್ಣು ಕೊಡಾಂಗಿಲ್ಲ. ‘ಬಡಿಯೋ ಊರು’ ಅಂತಾರ.”

“ಬಡದಿದ್ರಲ್ಲ?”

ಅವನು ಎಳನೀರು ಕೆತ್ತುವ ಕತ್ತಿಯನ್ನು ಹಲಗೆಯ ಈ ತುದಿಯಿಂದ ಆ ತುದಿಗೆ, ತನ್ನ ಕೈಯ ಹತ್ತಿರಕ್ಕೆ, ಸರಿಸಿಕೊಂಡ. ಅಷ್ಟರಲ್ಲಿ ನಾಲ್ಕೈದು ಜನ ಬಂದು ನಿಂತರು. ಆ ಏಳು ಮಂದಿಯಲ್ಲಿ ಇಲ್ಲಿ ನಿಂತವರು ಯಾರು ಎಂದು ಒಬ್ಬೊಬ್ಬರ ಕೈಯನ್ನೇ ನೋಡಿದೆ. ಯಾವ ಕೈಯ ಮೇಲೂ ಬರೆದಿರುವುದಿಲ್ಲ.

ಆಗ ಒಬ್ಬ ಹೆಂಗಸು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಕೈಗೆ ಮೀನಿನ ಹುರುಪೆ ಅಂಟಿತ್ತು. ಹಿಂದೆ ಹತ್ತು ವರ್ಷದ ಹುಡುಗಿ. ನಾನು ಹುಡುಕಬೇಕಾಗಲಿಲ್ಲ, ಆಕೆಯೇ ಫೋಟೋ ನೋಡಿ ಬಂದಿದ್ದಳು.

“ಆ ಮುದುಕನ ಮನೀಯಂವಾ ನೀನೇ ಏನು? ಅಂವಗ ಮಾತು ಬರ್ತದ?”

“ಬರ್ತದ. ದವಡಿ ಸೊಟ್ಟ ಆಗ್ಯಾದ. ಬಲಗೈದು ಎರಡು ಬಟ್ಟು ಮಡಚಂಗಿಲ್ಲ.”

“ಆವತ್ತ ಕೂಗಿದಾಕಿ ನಾನೇ” ಅಂದಳು. “ಏನ ಬೇಕು ಹೇಳು.”

ಕಂಬಳಿ ಹಾಸುವ ಧೈರ್ಯ ಈಗ ಉಳಿದಿರಲಿಲ್ಲ. ನಿಂತಲ್ಲೇ ಹೇಳಿದೆ. “ನನ್ನ ಜೋಡಿ ನಿಲಂಗಾಕ್ಕ ಬರ್ರಿ ತಾಯಿ. ಒಂದ ಸಲ ನನ್ನ ಕಾಕಾನ ಮುಂದ ಕುಂತು, ಅಂವಾ ಕೊಟ್ಟ ಭಂಡಾರ ನಾಲಿಗಿ ಮ್ಯಾಲ ತಗೊರಿ. ಅಷ್ಟಾದ್ರ ಅಂವಾ ಮಕ್ಕಳಿಗಿ ಮತ್ತ ಭಂಡಾರ ಇಡ್ತಾನ. ಬ್ಯಾರೆ ಏನೂ ಬ್ಯಾಡ.”

ಆಕೆ ನಕ್ಕಳು. ಕೆಟ್ಟ ನಗು. “ಕೇಳಿದ್ರೇನು? ಕರ್ಕೊಂಡ ಹೋಗ್ಲಾಕ ಬಂದಾನ, ಬಾಯಾಗ ಪುಡಿ ಹಾಕ್ಲಾಕ. ಇವರ ಧಂದೆ ಬದ್ಲಾಗಿಲ್ಲ!”

ಜನರೂ ನಕ್ಕರು. ನನಗೆ ರಕ್ತ ತಲೆಗೇರಿತು. “ಹಾಂಗಾದ್ರ ಇಲ್ಲೇ ತಗೊರಿ” ಎಂದು ಚೀಲದೊಳಗೆ ಕೈ ಹಾಕಿದೆ. ನಗು ನಿಂತಿತು. ಹಿಂದೆ ಹಲಗೆಯ ಮೇಲಿನ ಕತ್ತಿ ಸದ್ದು ಮಾಡಿತು. ಹೆಂಗಸು ಮಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು. ನನ್ನ ಕೈ ಚೀಲದೊಳಗೇ ಉಳಿಯಿತು. ತೆಗೆದರೂ ತಪ್ಪು, ಇಟ್ಟರೂ ತಪ್ಪು. ಕೊನೆಗೆ ನಿಧಾನವಾಗಿ ತೆಗೆದು, ಎಲ್ಲರಿಗೂ ಕಾಣುವಂತೆ ಚಿಟಿಕೆ ಎತ್ತಿ, ನನ್ನ ನಾಲಿಗೆಗೇ ಇಟ್ಟುಕೊಂಡೆ.

“ನೋಡ್ರಿ. ಅರಿಶಿಣ.”

“ಅರಿಶಿಣ ಅಂತ ನನಗ ಆವತ್ತೇ ಗೊತ್ತಾಗ್ಯಾದ” ಅಂದಳು ಆಕೆ. “ಮಗಳ ಬಾಯಿ ಮೂಸಿ ನೋಡಿದೆ. ಅರಿಶಿಣ. ಅಷ್ಟರಾಗ ಹಗ್ಗ ಬಂದಿತ್ತು.”

“ಹೇಳಬೇಕಿತ್ತಲ್ಲ ಮತ್ತ!”

“ಹೇಳಿದೆ. ಒಂದ ಸಲ ಹೇಳಿದೆ.” ಆಕೆ ಸುತ್ತ ನಿಂತವರನ್ನು ನೋಡಿದಳು. “ಎರಡನೇ ಸಲ ಹೇಳಲಿಲ್ಲ. ಇವರೆಲ್ಲ ನನ್ನ ಕೂಗಿಗಿ ಉಣ್ಣೋದು ಬಿಟ್ಟು ಓಡಿ ಬಂದಿದ್ರು. ಅವರಿಗಿ ಏನಂತ ಹೇಳ್ಲಿ? ನಂದೇ ತಪ್ಪು, ಹೋಗ್ರಿ ಅಂತ?”

ನಿಂತವರಲ್ಲಿ ಒಬ್ಬ ಮುಖ ತಿರುಗಿಸಿ ಸಮುದ್ರದ ಕಡೆ ನೋಡತೊಡಗಿದ.

“ನಿನಗ ಹೆಣ್ಮಕ್ಕಳು ಅದಾರ?” ಎಂದು ಆಕೆ ಕೇಳಿದಳು.

“ಮಗಳು ಅದಾಳ. ಮಮ್ಮಗಳೂ ಅದಾಳ.”

“ಗುರ್ತಿಲ್ಲದಂವಾ ಬಂದು ಆಕಿ ಗದ್ದ ಹಿಡದು ಬಾಯಾಗ ಬಟ್ಟು ಹಾಕಿದ್ರ ನೀ ಏನ ಮಾಡ್ತಿ? ದೇವರದು ಅಂತ ಕೈ ಮುಗೀತಿ? ಅವ್ವ ನಾ ಅಲ್ಲೇ ನಿಂತಿದ್ದೆ, ಒಂದು ಮಾರು ದೂರ. ‘ಇಡ್ಲೇನು ತಾಯಿ’ ಅಂತ ನನ್ನ ಒಂದು ಮಾತು ಕೇಳಿದ್ರ ‘ಇಡು’ ಅಂತಿದ್ದೆ. ಕೇಳ್ಲಾಕ ಅಂವಗ ಬಾಯಿ ಇದ್ದಿಲ್ಲ?”

“ಅದಕ್ಕ ಬಾಯೇ ಮುರದ್ರಿ?”

“ಮುರದ್ರು. ನನ್ನ ಗಂಡನೂ ಅದರಾಗ ಇದ್ದ. ಅಂವಾ ಬಂಬಯಿಗಿ ಹೋದಂವಾ ತಿರುಗಿ ಈ ಊರ ಮುಖ ನೋಡಿಲ್ಲ. ಆ ಫೋನಿನಾಗ ಬರದು ಕಳಿಸಿದವರು ಎಲ್ಲಿ ಕುಂತಾರ? ಹೋಗು, ಅವರನ್ನ ಹಿಡಕೊಂಡು ಹೋಗು ನಿಮ್ಮ ಕಾಕಾನ ಮುಂದ.”

ನಾನು ಚೀಲದ ಬಾಯಿ ಬಿಗಿದು ಕಟ್ಟಿದೆ. ಅವರು ನಾನು ಸೋತೆ ಅಂದುಕೊಂಡಿರಬೇಕು. ನಿಜ ಬೇರೆ. ಆ ಸಂದೇಶ ಆ ವರ್ಷ ನನ್ನ ಫೋನಿಗೂ ಬಂದಿತ್ತು. ಓದಲು ಬಂದ ಹೊಸತು, ಬಂದದ್ದನ್ನೆಲ್ಲ ಓದಿ ಮುಂದಕ್ಕೆ ಕಳಿಸುವುದು ನನಗೊಂದು ದೊಡ್ಡಸ್ತಿಕೆ. ಶಾಲೆಯ ಗುಂಪಿಗೆ ಕಳಿಸಿದೆ, ಬೀಗರಿಗೆ ಕಳಿಸಿದೆ, ಕೊಲ್ಹಾಪುರದಲ್ಲಿದ್ದ ಗೆಳೆಯನಿಗೆ ಕಳಿಸಿದೆ. ಕೆಳಗೆ ನನ್ನದೇ ಒಂದು ಸಾಲು ಸೇರಿಸಿದ್ದೆ: ‘ಇದು ಖರೆ, ಎಲ್ಲರಿಗೂ ತಿಳಿಸಿರಿ.’ ಹದಿನೈದು ದಿನಕ್ಕೆ ಕಾಕಾ ಆಸ್ಪತ್ರೆಯಲ್ಲಿದ್ದ. ನಾನು ಅದನ್ನು ಅಳಿಸಿಹಾಕಿದೆ. ಯಾರಿಗೂ ಹೇಳಿರಲಿಲ್ಲ.

ಆಕೆ ಮಗಳಿಗೆ ಏನೋ ಸನ್ನೆ ಮಾಡಿದಳು. ಹುಡುಗಿ ಓಡಿ ಹೋಗಿ ಒಂದು ಕಂಬಳಿ ತಂದಳು. ನೋಡಿದೊಡನೆ ಗುರುತು ಸಿಕ್ಕಿತು, ನಮ್ಮ ಮನೆಯ ಅಂಚು. ಏಳು ವರ್ಷವಾದರೂ ಮಡಿಕೆ ಮುರಿದಿರಲಿಲ್ಲ.

“ಅಂವಾ ಕೊಟ್ಟದ್ದು. ಅಟ್ಟದ ಮ್ಯಾಲಿತ್ತು. ಇದರ ಕೆಳಗ ಯಾರಿಗಿ ನಿದ್ದಿ ಬರ್ತದ? ತಗೊಂಡು ಹೋಗು.” ಆಕೆ ಅದನ್ನು ನನ್ನ ಕಾಲ ಮೇಲೆ ಎಸೆದಳು. ಕಂಬಳಿಯನ್ನು ಹಾಗೆ ಎಸೆಯುವುದನ್ನು ನಾನು ಎಂದೂ ನೋಡಿರಲಿಲ್ಲ.

ಎತ್ತಿಕೊಳ್ಳಲು ಬಗ್ಗಿದಾಗ ಹುಡುಗಿ ನನ್ನನ್ನೇ ನೋಡುತ್ತಿದ್ದಳು. “ನನ್ನ ಸಲುವಾಗಿ ಅಂತಾರ ಎಲ್ಲಾರೂ” ಅಂದಳು, ಸಿಟ್ಟಿನಿಂದ. “ನನಗ ಏನೂ ನೆನಪಿಲ್ಲ.”

ಮೂರೂವರೆಯ ಬಸ್ಸಿಗೆ ಅವರೇ ಹತ್ತಿಸಿದರು. ಬಸ್ಸು ತಿರುಗುವತನಕ ಚಹಾದವನು ಫಲಕದ ಹತ್ತಿರ ಕೈಕಟ್ಟಿ ನಿಂತಿದ್ದ.

ಮರುದಿನ ಮಧ್ಯಾಹ್ನ ನಿಲಂಗಾದ ಸ್ಟ್ಯಾಂಡಿನಲ್ಲಿ ಇಳಿದು ನೇರ ಮನೆಗೆ ಬಂದೆ. ಹುಣ್ಣಿಮೆಗೆ ಮೂರು ದಿನವಿತ್ತು. ಮಗಳು ಕೂಸಿನೊಂದಿಗೆ ಬಂದಿದ್ದಳು. ಕಾಕಾ ಪಡಸಾಲೆಯಲ್ಲಿ ಕುಳಿತಿದ್ದ. ಕಂಬಳಿಯನ್ನು ಅವನ ಮುಂದೆ ಇಟ್ಟೆ. ಅವನು ಅಂಚು ಮುಟ್ಟಿದ, ಮೂಗಿಗೆ ಹಿಡಿದ.

“ಉಪ್ಪು” ಅಂದ. ಆಮೇಲೆ ನನ್ನ ಮುಖ ನೋಡಿದ. “ಆ ಊರಿಗಿ ಹೋಗಿದ್ದಿ?”

“ಹೋಗಿದ್ದೆ.”

“ಸಾಲಿ ಕಲ್ತು ಭಾಳ ಶಾಣ್ಯಾ ಆಗಿದಿ ನೀ. ಮತ್ತ ಇದನ್ನ ಯಾಕ ತಂದಿ? ಮಾರಿದ್ದು ಇದು. ಭಂಡಾರ ಇಟ್ಟು ಕೊಟ್ಟದ್ದು. ನನ್ನ ಜಲ್ಮದಾಗ ಒಂದು ಕಂಬಳಿ ತಿರುಗಿ ತಗೊಂಡಿಲ್ಲ. ಹೊರಗ ಕಟ್ಟಿ ಮ್ಯಾಲ ಇಡು. ಮಳಿ ಹಿಡಿಯೋದರಾಗ ಒಯ್ದು ಆಕಿ ಮನಿಗಿ ಮುಟ್ಟಿಸಿ ಬಾ.”

“ಮತ್ತ ಹೋದ್ರ ಕಡೀತಾರ ನನ್ನ.”

“ಕಡೀಲಿ. ಆಕಿದು ಆಕಿಗಿ ಮುಟ್ಟಬೇಕು.”

ಹೊರಗಿಟ್ಟು ಬಂದೆ. ಆಕೆ ಆಡಿದ್ದನ್ನೆಲ್ಲ ಹೇಳಿದೆ. ಬರುವುದಿಲ್ಲ ಅಂದದ್ದು, ನಕ್ಕದ್ದು, ಅರಿಶಿನ ಎಂದು ಗೊತ್ತಾಗಿಯೂ ಎರಡನೇ ಸಲ ಹೇಳದೇ ಇದ್ದದ್ದು. ಕಾಕಾ ಅಲ್ಲಾಡಲಿಲ್ಲ. ‘ಇಡ್ಲೇನು ತಾಯಿ ಅಂತ ಕೇಳಿದ್ರ ಇಡು ಅಂತಿದ್ದೆ’ ಎಂದು ಆಕೆ ಅಂದದ್ದನ್ನು ಹೇಳಿದಾಗ ಮಾತ್ರ ತಲೆ ಎತ್ತಿದ.

“ಹಾಂಗಂದಳು?”

“ಹೂಂ.”

“ಕೇಳಿದ್ದಿಲ್ಲ ನಾ” ಅಂದ, ತನಗೆ ತಾನೇ ಹೇಳಿಕೊಂಡಂತೆ. “ಐವತ್ತು ವರ್ಷ ಇಟ್ಟೀನಿ. ಯಾರಿಗೂ ಕೇಳಿದ್ದಿಲ್ಲ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೊಡೆದವರಲ್ಲಿ ಒಬ್ಬರು ಬರಬೇಕು ಎಂದು ಅವನು ಇಟ್ಟ ಮಾತು ಹಾಗೆಯೇ ಇತ್ತು, ಬರುವವರು ಯಾರೂ ಇರಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ನಾನು ಅದನ್ನೇ ಯೋಚಿಸಿಕೊಂಡು ಬಂದಿದ್ದೆ. ಫೋನಿನ ವಿಷಯ ಹೇಳಿಬಿಟ್ಟೆ. ಕಳಿಸಿದ್ದು, ಕೆಳಗೆ ಬರೆದ ಸಾಲು, ಅಳಿಸಿದ್ದು, ಎಲ್ಲ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಹೆಂಡತಿ ಕೇಳಿಸಿಕೊಂಡಿದ್ದಳು.

“ಏಳು ವರ್ಷ ನನಗ ಗಂಜಿ ಕುಡಿಸಿದಿ ನೀ” ಅಂದ ಕಾಕಾ. “ಅದೇ ಕೈ.”

“ಹೂಂ ಕಾಕಾ.”

“ನೀನೂ ಹೊಡದಿ ಹಾಂಗಾದ್ರ.”

“ಹೊಡದೆ.”

“ಚೀಲ ತಾ.”

ಸೊಂಟದಿಂದ ಬಿಚ್ಚಿ ಕೊಟ್ಟೆ. ಅವನು ಮಡಚದ ಬೆರಳುಗಳನ್ನು ಒಳಗೆ ತೂರಿಸಿ, ಹೆಬ್ಬೆರಳನ್ನು ನಡುಬೆರಳಿಗೆ ಒತ್ತಿ ಚಿಟಿಕೆ ಹಿಡಿದ. ಅರ್ಧ ಪುಡಿ ಧೋತ್ರದ ಮೇಲೆ ಉದುರಿತು.

“ಬಾಯಿ ತೆರಿ, ಹರಾಮಖೋರ.”

ತೆರೆದೆ. ಅವನು ಮೆಲ್ಲಗೆ ಇಡಲಿಲ್ಲ. ನಾಲಿಗೆಯನ್ನು ಒತ್ತಿ, ಗಂಟಲಿನತನಕ ಬೆರಳು ದೂಡಿದ. ನನಗೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. “ನುಂಗು” ಅಂದ. ನುಂಗಿದೆ.

ಆಮೇಲೆ ನನ್ನನ್ನು ನೋಡಲೇ ಇಲ್ಲ. ಬೆರಳು ಒರೆಸಿಕೊಂಡು ಮತ್ತೆ ಚೀಲಕ್ಕೆ ಕೈ ಹಾಕಿದ. “ಕೂಸಿನ್ನ ತಾ” ಅಂದ. ನಾನೇ ಎತ್ತಿಕೊಂಡು ಬಂದು ಅವನ ಮುಂದೆ ಹಿಡಿದೆ. ಅವನ ಸೊಟ್ಟ ಮುಖ ಹತ್ತಿರ ಬಂದದ್ದಕ್ಕೆ ಕೂಸು ಬಾಯಿ ಅಗಲಿಸಿ ಅಳತೊಡಗಿತು. ಸಣ್ಣ ನಾಲಿಗೆ ಪೂರ್ತಿ ಕಾಣುತ್ತಿತ್ತು. ಅವನ ಚಿಟಿಕೆ ಅದರ ಒಂದು ಗೇಣು ಹತ್ತಿರ ಹೋಗಿ ನಿಂತಿತು.

“ಇದರ ಅವ್ವ ಎಲ್ಲಿ ಅದಾಳ?” ಅಂದ.

ಮಗಳು ಬಾಗಿಲಲ್ಲೇ ನಿಂತಿದ್ದಳು. “ಇಲ್ಲೇ ಅದೀನಿ ಮುತ್ಯಾ.”

“ಇಡ್ಲೇನವಾ?”

ಅವಳಿಗೆ ಏನೂ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಯಾರಿಗೂ ಕೇಳಿದ್ದಿಲ್ಲ. ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. ಕಾಕಾ ಕೈ ಹಾಗೆಯೇ ಹಿಡಿದುಕೊಂಡು ಕಾಯುತ್ತಿದ್ದ. ಮಡಚದ ಬೆರಳುಗಳ ಸಂದಿಯಿಂದ ಪುಡಿ ಉದುರುತ್ತಿತ್ತು.

“ಇಡು ಮುತ್ಯಾ” ಅಂದಳು.